ವೃಕ್ಕದ ವಿಚಾರವೂ ಕನ್ನಡದ ಕ್ರಿಯಾಪದವೂ

೧

ಕನ್ನಡದ ಶಾಸ್ತ್ರಸಾಹಿತ್ಯದ ವಿಚಾರ ಬಂದಾಗಲೆಲ್ಲ ಚರ್ಚೆಯು ಪಾರಿಭಾಷಿಕ ಶಬ್ದಗಳಲ್ಲಿಯೇ ತೊಡಗಿ ಅವುಗಳಲ್ಲಿಯೇ ಮುಗಿಯುವುದು ವಾಡಿಕೆಯಾಗಿದೆ. ಸಂಸ್ಕೃತದಿಂದ ಹೊಸ ಶಬ್ದವನ್ನು ಕಟ್ಟಬೇಕೆ, ಇಂಗ್ಲಿಷಿನದನ್ನು ಇದ್ದಂತೆಯೇ ತೆಗೆದುಕೊಳ್ಳಬೇಕೆ, ದೇಶ್ಯವನ್ನು ಅರಸಬೇಕೆ ಎಂಬ ಮೂರು ಪಕ್ಷಗಳಿವೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದಂದಿನಿಂದ ಶಾಸ್ತ್ರವನ್ನು ಕನ್ನಡದಲ್ಲಿ ಬರೆದವರಾರೂ ಈ ಪ್ರಶ್ನೆಯನ್ನು ತಪ್ಪಿಸಿಕೊಂಡವರಲ್ಲ. ಅದು ನಿಷ್ಪ್ರಯೋಜಕವಾದ ಪ್ರಶ್ನೆಯೂ ಅಲ್ಲ. ಆದರೆ ಇಷ್ಟು ವಾದದಲ್ಲಿ ನಾಮಪದಕ್ಕೆ ದೊರೆತ ಗಮನದ ಹತ್ತರಲ್ಲೊಂದು ಪಾಲೂ ಕ್ರಿಯಾಪದಕ್ಕೆ ದೊರೆತಿಲ್ಲ. ಶಾಸ್ತ್ರವಾದರೋ ವಸ್ತುಗಳ ಹೆಸರುಗಳಿಗಿಂತ ಹೆಚ್ಚಾಗಿ ಅವು ನಡೆದುಕೊಳ್ಳುವ ರೀತಿಯನ್ನು ಹೇಳತಕ್ಕದ್ದು. ಹೆಸರು ಶುದ್ಧವಾಗಿದ್ದು ಕ್ರಿಯೆ ತಪ್ಪಾಗಿದ್ದರೆ ವಾಕ್ಯವು ಸುಳ್ಳಾಗುತ್ತದೆ. ಹೆಸರು ಪರಭಾಷೆಯದಾಗಿದ್ದು ಕ್ರಿಯೆ ಸರಿಯಾಗಿದ್ದರೆ ವಾಕ್ಯವು ನಿಜವನ್ನು ನುಡಿಯುತ್ತದೆ.

ಈ ಮಾತನ್ನು ಪರೀಕ್ಷಿಸುವುದಕ್ಕೆ ಜೀವವೈದ್ಯ ಪ್ರಯೋಗಶಾಲೆಯ ಒಂದು ಪ್ರಕರಣವು ಬಹಳ ಅನುಕೂಲವಾಗಿದೆ. ವೃಕ್ಕದ ಕೆಲಸ, ಅದನ್ನು ನಡೆಯಿಸುವ ಹಾರ್ಮೋನುಗಳು, ಆ ಹಾರ್ಮೋನುಗಳು ಜೀವಕೋಶದೊಳಗೆ ಮಾಡುವ ವಂಶವಾಹಿಗಳ ನಿಯಂತ್ರಣ, ಎಂಬ ಮೂರು ವಿಷಯಗಳು ಕಳೆದ ನೂರು ವರ್ಷಗಳಲ್ಲಿ ಒಂದಕ್ಕೊಂದು ಹೊಂದಿಕೊಂಡು ಬೆಳೆದಿವೆ. ಕನ್ನಡದ ಪಠ್ಯಪುಸ್ತಕ, ಪತ್ರಿಕಾಲೇಖನ, ಆಸ್ಪತ್ರೆಯ ತಿಳಿವಳಿಕೆಯ ಹಾಳೆ, ಎಲ್ಲೆಲ್ಲಿಯೂ ಇವು ಈಗ ಬರುತ್ತವೆ. ಅಲ್ಲಿ ಸಾಮಾನ್ಯವಾಗಿ ಕಾಣುವ ವಾಕ್ಯಗಳು ಮೂರು ಬಗೆ: ‘ಮೂತ್ರಪಿಂಡವು ರಕ್ತವನ್ನು ಜರಡಿಯಂತೆ ಸೋಸುತ್ತದೆ’, ‘ಹಾರ್ಮೋನು ದೂತನಂತೆ ಸಂದೇಶವನ್ನು ಒಯ್ಯುತ್ತದೆ’, ‘ವಂಶವಾಹಿಯು ಕೋಶಕ್ಕೆ ಆಜ್ಞೆ ನೀಡುತ್ತದೆ’. ಮೂರರಲ್ಲಿಯೂ ನಾಮಪದಗಳಿಗೆ ದೋಷವಿಲ್ಲ. ದೋಷವಿರುವುದು ಸೋಸು, ಒಯ್ಯು, ಆಜ್ಞೆ ನೀಡು ಎಂಬ ಕ್ರಿಯೆಗಳಲ್ಲಿ.

೨

ಫಲ್ಗುಣೀ ನದಿಯ ದಡದ ಪೊಳಲಿಯ ಹೆಸರನ್ನು ಕೇಳಿದೊಡನೆ ಹಳಗನ್ನಡವನ್ನು ಬಲ್ಲವರಿಗೆ ಪಟ್ಟಣವೆಂಬರ್ಥದ ‘ಪೊಳಲ್’ ಶಬ್ದವು ನೆನಪಾಗುವುದು. ತುಳುವರು ಆ ಊರನ್ನು ಪುರಲ್ ಎನ್ನುವರು. ರಾಜರಾಜೇಶ್ವರಿಯ ಮೃಣ್ಮಯ ಮೂರ್ತಿಯಿಂದಲೂ ಜಾತ್ರೆಯ ಚೆಂಡಿನಿಂದಲೂ ಪ್ರಸಿದ್ಧವಾದ ಈ ಸ್ಥಳವನ್ನು ಇಲ್ಲಿ ಎತ್ತಿಕೊಳ್ಳುವುದಕ್ಕೆ ಕಾರಣ ಬೇರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಈ ಸೀಮೆಯಲ್ಲಿ ಮಳೆಗಾಲದ ನಾಲ್ಕು ತಿಂಗಳು ನೀರು ಬೇಡವೆಂದರೂ ಹರಿಯುತ್ತದೆ, ಬೇಸಗೆಯಲ್ಲಿ ಬೇಕೆಂದರೂ ನಿಲ್ಲುವುದಿಲ್ಲ. ಆದುದರಿಂದ ಇಲ್ಲಿಯ ಬೇಸಾಯವೆಲ್ಲ ನೀರನ್ನು ತಡೆಯುವ ಮತ್ತು ಬಿಡುವ ವಿದ್ಯೆ. ಗದ್ದೆಗಳಿಗೆ ಬೆಟ್ಟು, ಮಜಲು, ಬೈಲು ಎಂದು ಹೆಸರಿಟ್ಟುದೂ ನೀರು ನಿಲ್ಲುವ ಮಟ್ಟವನ್ನು ನೋಡಿಯೇ. ಮಳೆ ಹಿಂದೆಗೆದ ಮೇಲೆ ತೋಡುಗಳಿಗೆ ಅಡ್ಡಲಾಗಿ ಕಲ್ಲುಮಣ್ಣಿನ ಕಟ್ಟವನ್ನು ಹಾಕುವರು. ಕಿಂಡಿ ಅಣೆಕಟ್ಟುಗಳಿದ್ದಲ್ಲಿ ಕಿಂಡಿಗಳಿಗೆ ಹಲಗೆಗಳನ್ನು ಇಳಿಸುವರು. ಮುಂದಿನ ಮಳೆಗೆ ಮುಂಚೆ ಅವನ್ನು ತೆಗೆಯುವರು.

ಹಲಗೆ ಇಳಿಸುವವನು ನೀರನ್ನು ಹುಟ್ಟಿಸುವುದಿಲ್ಲ. ನೀರಿಗೆ ಆಜ್ಞೆಯನ್ನೂ ಕೊಡುವುದಿಲ್ಲ. ಅವನು ಅದನ್ನು ಹೋಗಗೊಡುವುದಿಲ್ಲ. ಹಲಗೆ ತೆಗೆದಾಗ ಹೋಗಗೊಡುತ್ತಾನೆ. ಈ ‘ಗೊಡು’ ಎಂಬುದು ಇಲ್ಲಿ ಮುಖ್ಯ. ಕನ್ನಡದ ಧಾತುವು ಮೂರು ನೆಲೆಗಳಲ್ಲಿ ನಿಲ್ಲಬಲ್ಲುದು: ಮಾಡು, ಮಾಡಿಸು, ಮಾಡಗೊಡು. ಮೊದಲನೆಯದರಲ್ಲಿ ಕರ್ತೃವು ತಾನೇ ಮಾಡುತ್ತಾನೆ. ಎರಡನೆಯದು ವೈಯಾಕರಣರು ಬಲ್ಲ ಪ್ರೇರಣಾರ್ಥಕ. ಅದಕ್ಕೆ ‘ಇಸು’ ಪ್ರತ್ಯಯ. ಮೂರನೆಯದರಲ್ಲಿ ಕ್ರಿಯೆಯು ತನ್ನಷ್ಟಕ್ಕೆ ನಡೆಯಲು ಸಿದ್ಧವಾಗಿರುತ್ತದೆ. ಕರ್ತೃವು ಅಡ್ಡಿಯನ್ನು ತೆಗೆಯುತ್ತಾನೆ ಅಥವಾ ಒಡ್ಡುತ್ತಾನೆ. ಹಳಗನ್ನಡದಲ್ಲಿ ಇದೇ ಅರ್ಥವನ್ನು ‘ಈ’ ಧಾತುವು ಕೊಡುತ್ತಿತ್ತು. ‘ಪೋಗಲೀಯದೆ’ ಎಂಬುದು ಇಂದಿನ ‘ಹೋಗಗೊಡದೆ’. ಈ ಮೂರನೆಯ ನೆಲೆಯನ್ನು ಮರೆತು ವೃಕ್ಕವಿಜ್ಞಾನವನ್ನು ಬರೆಯುವುದಾಗದೆಂಬುದೇ ಇಲ್ಲಿ ಸಾಧಿಸಬೇಕಾದ ವಿಷಯ.

೩

ಮೊದಲು ‘ಸೋಸು’ವಿನ ವಿಚಾರ. ಆಯುರ್ವೇದ ಗ್ರಂಥಗಳಲ್ಲಿ ಈ ಅವಯವಕ್ಕೆ ವೃಕ್ಕವೆಂದು ಹೆಸರು. ಆ ಶಬ್ದದಲ್ಲಿ ಮೂತ್ರದ ಸುಳಿವೇ ಇಲ್ಲ. ಇಂದು ಬಳಕೆಯಲ್ಲಿರುವ ಮೂತ್ರಪಿಂಡ, ಮೂತ್ರಜನಕಾಂಗ ಎಂಬೆರಡು ಶಬ್ದಗಳಾದರೋ ಅವಯವವನ್ನು ಅದು ಹೊರಹಾಕುವ ವಸ್ತುವಿನಿಂದಲೇ ಗುರುತಿಸುತ್ತವೆ. ಅಡಕೆಯ ತೋಟವನ್ನು ಅದರ ಹೊರಗಾಲುವೆಯ ಹೆಸರಿನಿಂದ ಕರೆದಂತೆ ಇದು. ಹೆಸರಿನ ಈ ಓರೆಯನ್ನು ಜರಡಿಯ ಉಪಮೆಯು ಇನ್ನಷ್ಟು ಬಲಪಡಿಸುತ್ತದೆ.

ಜರಡಿಯಲ್ಲಿ ಬೇಕಾದುದು ಒಂದು ಕಡೆ, ಬೇಡವಾದುದು ಇನ್ನೊಂದು ಕಡೆ ಒಂದೇ ಸಲಕ್ಕೆ ಬೇರ್ಪಡುತ್ತವೆ. ವೃಕ್ಕದ ಕ್ರಮ ಹಾಗಿಲ್ಲ. ಒಂದೊಂದು ವೃಕ್ಕದಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನುಗಳಿವೆ. ಪ್ರತಿಯೊಂದರ ಮೊದಲಲ್ಲಿ ಸೂಕ್ಷ್ಮ ರಕ್ತನಾಳಗಳ ಒಂದು ಗೊಂಚಲು, ಅದರಿಂದ ಮುಂದಕ್ಕೆ ಒಂದು ಉದ್ದವಾದ ನಾಳಿಕೆ. ಗೊಂಚಲಿನಲ್ಲಿ ರಕ್ತಕಣಗಳೂ ದೊಡ್ಡ ಪ್ರೋಟೀನುಗಳೂ ಉಳಿದು, ನೀರು, ಉಪ್ಪು, ಸಕ್ಕರೆ, ಕಲ್ಮಷ ಎಲ್ಲವೂ ಒಟ್ಟಾಗಿ ನಾಳಿಕೆಗೆ ಇಳಿಯುತ್ತವೆ. ಹೀಗೆ ದಿನವೊಂದಕ್ಕೆ ಇಳಿಯುವ ದ್ರವವು ಸುಮಾರು ೧೮೦ ಲೀಟರು. ಹೊರಗೆ ಹೋಗುವ ಮೂತ್ರವು ಒಂದೆರಡು ಲೀಟರು ಮಾತ್ರ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ನಾಳಿಕೆಯ ಗೋಡೆಯ ಮೂಲಕ ಮತ್ತೆ ರಕ್ತಕ್ಕೆ ಸೇರುತ್ತದೆ. ಎಂದ ಮೇಲೆ ವೃಕ್ಕದ ಮುಖ್ಯ ಕಾರ್ಯವು ಹೊರಹಾಕುವುದಲ್ಲ; ಹಿಂದಕ್ಕೆ ಪಡೆಯುವುದು.

ಇದು ಊಹೆಯ ಮಾತಲ್ಲ. ೧೯೨೪ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ವೇರ್ನ್ ಮತ್ತು ರಿಚರ್ಡ್ಸ್ ಎಂಬವರು ಕೂದಲಿನಂತೆ ತೆಳುವಾದ ಗಾಜಿನ ಕೊಳವೆಯನ್ನು ಕಪ್ಪೆಯ ವೃಕ್ಕದ ಒಂದು ಗೊಂಚಲಿಗೆ ಚುಚ್ಚಿ ಅಲ್ಲಿಯ ದ್ರವವನ್ನು ಹೊರಗೆ ತೆಗೆದರು. ಅದರಲ್ಲಿ ಸಕ್ಕರೆಯಿತ್ತು. ಅದೇ ಕಪ್ಪೆಯ ಮೂತ್ರಕೋಶದಲ್ಲಿದ್ದ ಮೂತ್ರದಲ್ಲಿ ಸಕ್ಕರೆಯಿರಲಿಲ್ಲ. ನಡುವೆ ನಾಳಿಕೆಯು ಅದನ್ನು ಹಿಂದಕ್ಕೆ ತೆಗೆದುಕೊಂಡಿತೆಂಬುದು ಇದರಿಂದ ನಿಶ್ಚಿತವಾಯಿತು. ಹೋಮರ್ ಸ್ಮಿತ್ ಎಂಬ ಶರೀರಶಾಸ್ತ್ರಜ್ಞನು ೧೯೫೩ರಲ್ಲಿ ಪ್ರಕಟಿಸಿದ ‘ಫ್ರಮ್ ಫಿಶ್ ಟು ಫಿಲಾಸಫರ್’ ಎಂಬ ಪುಸ್ತಕವು ಇದೇ ತತ್ತ್ವದ ಮೇಲೆ ನಿಂತಿದೆ: ಸಮುದ್ರವನ್ನು ಬಿಟ್ಟು ನೆಲಕ್ಕೆ ಬಂದ ಪ್ರಾಣಿಯು ತನ್ನೊಳಗಿನ ನೀರನ್ನೂ ಉಪ್ಪನ್ನೂ ಹಿಡಿದಿಟ್ಟುಕೊಂಡ ಚರಿತ್ರೆಯನ್ನು ಆತನು ವೃಕ್ಕದ ಚರಿತ್ರೆಯಾಗಿ ಬರೆದನು. ಅಲ್ಲಿ ಪ್ರಧಾನವಾದುದು ಉಳಿಸುವ ಕ್ರಿಯೆ.

ಹೆಸರಿನ ಮತ್ತು ಉಪಮೆಯ ಈ ಓರೆಯಿಂದ ಆಗುವ ನಷ್ಟವು ಕೇವಲ ಶೈಲಿಯದಲ್ಲ. ಮೂತ್ರವನ್ನು ಹುಟ್ಟಿಸುವುದೇ ಈ ಅವಯವದ ಕೆಲಸವಾದರೆ, ಮೂತ್ರವು ಎಂದಿನಂತೆ ಹೋಗುತ್ತಿರುವಾಗ ಅವಯವವು ಸರಿಯಾಗಿದೆ ಎಂದು ತಿಳಿಯುವುದು ಸಹಜವಷ್ಟೆ. ವೃಕ್ಕವು ನಿಧಾನವಾಗಿ ಕ್ಷೀಣಿಸುವ ರೋಗದಲ್ಲಿ ಮೂತ್ರದ ಪ್ರಮಾಣವು ಬಹುಕಾಲ ಕುಂದದೆಯೇ ಇರಬಹುದು. ಅಷ್ಟರಲ್ಲಿ ಮೈ ಬಿಳುಪೇರುತ್ತದೆ, ಎಲುಬು ಸೊರಗುತ್ತದೆ, ರಕ್ತದ ಒತ್ತಡವು ಏರುತ್ತದೆ. ಇವು ಮೂತ್ರಪಿಂಡದ ರೋಗದ ಲಕ್ಷಣಗಳಾಗಬಹುದೆಂದು ಆ ಶಬ್ದವನ್ನು ಮಾತ್ರ ಬಲ್ಲವನಿಗೆ ಹೊಳೆಯುವ ಬಗೆಯಿಲ್ಲ. ಪೊಳಲಿಯಂತಹ ಊರಿನಲ್ಲಿ ಕನ್ನಡದ ಪಾಠವನ್ನೇ ಆಧಾರವಾಗಿಟ್ಟುಕೊಂಡವನು ಇದರಿಂದ ಕಾಲವನ್ನು ಕಳೆದುಕೊಳ್ಳುತ್ತಾನೆ. ರಕ್ತ ಮೂತ್ರಗಳ ಪರೀಕ್ಷೆಗೆ ಅವನು ಬರುವ ಹೊತ್ತಿಗೆ ರೋಗವು ಮುಂದೆ ಹೋಗಿರುತ್ತದೆ.

ಕಟ್ಟದ ಉಪಮೆಯು ಜರಡಿಗಿಂತ ಎಷ್ಟೋ ಮೇಲು. ಆದರೂ ಅದಕ್ಕೆ ಮೇರೆಯುಂಟು. ನಾಳಿಕೆಯ ಗೋಡೆಯು ಸುಮ್ಮನೆ ತಡೆಯುವುದಿಲ್ಲ. ಸೋಡಿಯಮ್ಮನ್ನು ಶಕ್ತಿಯ ವೆಚ್ಚದಿಂದ ರಕ್ತದ ಕಡೆಗೆ ಎತ್ತಿ ಹಾಕುತ್ತದೆ. ನೀರು ಅದನ್ನು ಹಿಂಬಾಲಿಸುತ್ತದೆ. ಆ ಅಂಶಕ್ಕೆ ಕಟ್ಟಕ್ಕಿಂತ ಏತವು ಹೆಚ್ಚು ಸರಿಯಾದ ಹೋಲಿಕೆ. ಒಂದೇ ಉಪಮೆಯಿಂದ ಇಡೀ ಅವಯವವನ್ನು ಹಿಡಿಯಲು ಹೊರಟರೆ ಹೊಸ ದೋಷವೇ ಹುಟ್ಟುವುದು.

೪

ಇನ್ನು ದೂತನ ವಿಚಾರ. ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ೧೯೦೨ರಲ್ಲಿ, ಕರುಳಿನಿಂದ ರಕ್ತದ ಮೂಲಕ ಹೋಗಿ ಮೇದೋಜೀರಕಾಂಗವನ್ನು ಸ್ರವಿಸುವಂತೆ ಮಾಡುವ ಒಂದು ದ್ರವ್ಯವನ್ನು ಕಂಡುಹಿಡಿದರು. ೧೯೦೫ರಲ್ಲಿ ಸ್ಟಾರ್ಲಿಂಗನು ಇಂತಹ ದ್ರವ್ಯಗಳಿಗೆ ಹಾರ್ಮೋನು ಎಂಬ ಹೆಸರನ್ನು ಬಳಕೆಗೆ ತಂದನು. ಚಲನೆಗೆ ತೊಡಗಿಸು ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದ ಶಬ್ದವದು. ಎಂದರೆ ಮೂಲದಲ್ಲಿಯೇ ಅದು ಪ್ರೇರಣಾರ್ಥಕ. ಕನ್ನಡದ ‘ಇಸು’ವಿನ ಸಂಬಂಧಿ. ಚೋದಕವೆಂಬ ಕನ್ನಡ ರೂಪವು ಈ ಭಾವಕ್ಕೆ ಸಮೀಪವಾದುದು. ‘ರಾಸಾಯನಿಕ ದೂತ’ ಎಂಬ ರೂಪಕವಾದರೋ ಗಮನವನ್ನು ಪ್ರೇರಣೆಯಿಂದ ಸಂದೇಶಕ್ಕೆ ತಿರುಗಿಸುತ್ತದೆ.

ದೂತನೆಂದರೆ ಕನ್ನಡ ವಾಚಕನಿಗೆ ಮೊದಲು ನೆನಪಾಗುವುದು ಹಸ್ತಿನಾವತಿಗೆ ಸಂಧಿಗಾಗಿ ಹೋದ ಶ್ರೀಕೃಷ್ಣ. ಆತನ ಮಾತು ವಿದುರನಿಗೆ ಒಂದಾಗಿ, ಭೀಷ್ಮನಿಗೆ ಒಂದಾಗಿ, ದುರ್ಯೋಧನನಿಗೆ ಮತ್ತೊಂದಾಗಿ ಕೇಳಿಸಿತು. ಮಾತಿನ ಫಲವು ಆಡಿದವನಲ್ಲಿರಲಿಲ್ಲ, ಕೇಳಿದವನಲ್ಲಿತ್ತು. ದೂತರೂಪಕವನ್ನು ಬಳಸಲೇಬೇಕಾದರೆ ಈ ಅಂಶವನ್ನು ಹಿಡಿದು ಬಳಸಬೇಕು. ಏಕೆಂದರೆ ಹಾರ್ಮೋನು ತನ್ನೊಳಗೆ ಯಾವ ಸಂದೇಶವನ್ನೂ ಹೊತ್ತಿಲ್ಲ. ಅದನ್ನು ಹಿಡಿಯುವ ಗ್ರಾಹಕವು ಯಾವ ಕೋಶದಲ್ಲಿದೆಯೋ ಆ ಕೋಶದ ಸಿದ್ಧತೆಯಂತೆ ಫಲವಾಗುತ್ತದೆ. ವಾಸೊಪ್ರೆಸಿನ್ ಎಂಬ ಒಂದೇ ಹಾರ್ಮೋನು ರಕ್ತನಾಳದ ಸ್ನಾಯುವನ್ನು ಬಿಗಿಯಿಸುತ್ತದೆ, ವೃಕ್ಕದ ನಾಳಿಕೆಯಲ್ಲಿ ನೀರನ್ನು ಉಳಿಸುತ್ತದೆ.

ವೃಕ್ಕದ ಮೇಲೆ ಕೆಲಸ ಮಾಡುವ ಎರಡು ಹಾರ್ಮೋನುಗಳನ್ನು ಹೋಲಿಸಿದರೆ ಕ್ರಿಯಾಪದದ ಬೆಲೆಯು ಇನ್ನಷ್ಟು ಸ್ಪಷ್ಟವಾಗುವುದು. ವಾಸೊಪ್ರೆಸಿನ್ ಬಂದೊಡನೆ, ಕೋಶದ ಒಳಗೆ ಮೊದಲೇ ಸಿದ್ಧವಾಗಿ ಶೇಖರವಾಗಿದ್ದ ನೀರಿನ ಕಿಂಡಿಗಳು ಅದರ ಹೊರಪೊರೆಗೆ ಬಂದು ಸೇರುತ್ತವೆ. ಈ ಬಗೆಯ ನೀರುಕಿಂಡಿಗಳನ್ನು ಗುರುತಿಸಿದ ಪೀಟರ್ ಆಗ್ರೆಗೆ ೨೦೦೩ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಕೆಲಸವು ನಿಮಿಷಗಳಲ್ಲಿ ಆಗುತ್ತದೆ, ಹಲಗೆಯನ್ನು ಎತ್ತಿದಂತೆ. ೧೯೫೩ರಲ್ಲಿ ಬೇರ್ಪಡಿಸಲ್ಪಟ್ಟ ಆಲ್ಡೊಸ್ಟೀರೋನಿನ ಮಾರ್ಗ ಬೇರೆ. ಅದು ಕೋಶದೊಳಗೆ ಹೊಕ್ಕು ತನ್ನ ಗ್ರಾಹಕದೊಡನೆ ಕೂಡಿ ಕೋಶಕೇಂದ್ರಕ್ಕೆ ಹೋಗಿ ಡಿಎನ್ಎಯ ಗೊತ್ತಾದ ಸ್ಥಳಗಳಲ್ಲಿ ನಿಲ್ಲುತ್ತದೆ. ಆ ಮೇಲೆ ಕೆಲವು ವಂಶವಾಹಿಗಳ ಪ್ರತಿಗಳು ಹೆಚ್ಚುತ್ತವೆ, ಹೊಸ ಪ್ರೋಟೀನುಗಳು ಹುಟ್ಟುತ್ತವೆ. ಇದಕ್ಕೆ ಗಂಟೆಗಳು ಬೇಕು. ೧೯೬೩ರಲ್ಲಿ ಎಡೆಲ್ಮನ್ನನೂ ಅವನ ಸಹೋದ್ಯೋಗಿಗಳೂ ನೆಲಗಪ್ಪೆಯ ಮೂತ್ರಕೋಶದ ಪೊರೆಯ ಮೇಲೆ, ಪ್ರತಿ ತೆಗೆಯುವುದನ್ನು ತಡೆಯುವ ಆಕ್ಟಿನೊಮೈಸಿನ್ ಔಷಧವನ್ನು ಪ್ರಯೋಗಿಸಿದಾಗ ಆಲ್ಡೊಸ್ಟೀರೋನಿನ ಫಲವು ಕಾಣಿಸದೆಹೋಯಿತು. ಎರಡು ಹಾರ್ಮೋನುಗಳಿಗೂ ‘ಸಂದೇಶ ಒಯ್ಯುತ್ತದೆ’ ಎಂದು ಒಂದೇ ವಾಕ್ಯವನ್ನು ಬರೆದಾಗ ಪ್ರಯೋಗಶಾಲೆಯು ಕಷ್ಟಪಟ್ಟು ಬಿಡಿಸಿದ ಭೇದವೇ ಅಳಿಸಿಹೋಗುತ್ತದೆ.

ಅಷ್ಟೇ ಅಲ್ಲ. ಆಲ್ಡೊಸ್ಟೀರೋನು ಹುಟ್ಟಿಸುವ ಪ್ರೋಟೀನುಗಳಲ್ಲೊಂದರ ಕೆಲಸವೇನು? ಪೊರೆಯಲ್ಲಿರುವ ಸೋಡಿಯಮ್ಮಿನ ಕಿಂಡಿಗಳನ್ನು ಕಿತ್ತು ಒಳಗೆಳೆದು ನಾಶಮಾಡುವ ವ್ಯವಸ್ಥೆಯೊಂದು ಕೋಶದಲ್ಲಿ ಸದಾ ನಡೆಯುತ್ತಿರುತ್ತದೆ. ಈ ಪ್ರೋಟೀನು ಆ ವ್ಯವಸ್ಥೆಗೆ ಅಡ್ಡ ಬರುತ್ತದೆ. ಕಿಂಡಿಗಳು ಉಳಿಯುತ್ತವೆ. ಇಲ್ಲಿ ‘ಕಿಂಡಿಗಳನ್ನು ಉಂಟುಮಾಡಿತು’ ಎಂದರೆ ಸಾಲದು, ‘ಅಳಿಯಗೊಡಲಿಲ್ಲ’ ಎನ್ನಬೇಕು.

೫

ವಂಶವಾಹಿಯೆಂಬ ಶಬ್ದವು ಸುಂದರವಾದುದು. ೧೯೦೯ರಲ್ಲಿ ಯೋಹಾನ್ಸೆನ್ನನು ಬಳಕೆಗೆ ತಂದ ‘ಜೀನ್’ ಶಬ್ದಕ್ಕೆ ಕನ್ನಡದಲ್ಲಿ ನೆಲೆಗೊಂಡ ಹೆಸರು. ಆದರೆ ಅದು ತಂದೆತಾಯಿಗಳಿಂದ ಮಕ್ಕಳಿಗೆ ಸಾಗುವ ಕೆಲಸವನ್ನು ಮಾತ್ರ ಹೇಳುತ್ತದೆ. ಈ ಗಳಿಗೆಯಲ್ಲಿ, ಈ ಕೋಶದಲ್ಲಿ ಅದು ಕೆಲಸ ಮಾಡುತ್ತಿದೆಯೋ ಸುಮ್ಮನಿದೆಯೋ ಎಂಬ ಪ್ರಶ್ನೆಯು ಆ ಹೆಸರಿನಲ್ಲಿ ಹುಟ್ಟುವುದೇ ಇಲ್ಲ. ಈ ಕೊರತೆಯನ್ನು ತುಂಬಲು ಬರೆಹಗಾರರು ‘ನೀಲನಕ್ಷೆ’ ಎಂಬ ಇಂಗ್ಲಿಷ್ ರೂಪಕವನ್ನು ಹಾಗೆಯೇ ತಂದಿದ್ದಾರೆ. ಅದಕ್ಕಿಂತ ಹತ್ತಿರದ ಹೋಲಿಕೆಯು ಪೊಳಲಿಗೆ ದೂರವಲ್ಲದ ಮೂಡುಬಿದಿರೆಯಲ್ಲಿಯೇ ಇದೆ.

ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ಕನ್ನಡ ಲಿಪಿಯ ತಾಳೆಯೋಲೆಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದುವು, ಓದಿಗೆ ದೊರೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕೆಲಸ ತೊಡಗಿತು. ೧೯೩೯ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟವು ಅಚ್ಚಾಯಿತು. ಗ್ರಂಥವು ಮುಂಚೆಯೂ ಇತ್ತು, ಆಮೇಲೆಯೂ ಇತ್ತು, ಒಂದಕ್ಷರವೂ ಬದಲಾಗಲಿಲ್ಲ. ಬದಲಾದುದು ಓದಗೊಡುವ ಸ್ಥಿತಿ. ಮೂಲವು ಭಂಡಾರದಲ್ಲಿಯೇ ನಿಂತು ಪ್ರತಿಯು ಮಾತ್ರ ಹೊರಗೆ ಬಂದಿತು. ವಂಶವಾಹಿಯ ನಿಯಂತ್ರಣವೂ ಸ್ಥೂಲವಾಗಿ ಇದೇ ರೀತಿಯದು. ಕಣ್ಣಿನ ಕೋಶದಲ್ಲಿಯೂ ವೃಕ್ಕದ ಕೋಶದಲ್ಲಿಯೂ ಇರುವ ಪಾಠ ಒಂದೇ. ಆರ್ಎನ್ಎ ಎಂಬ ಪ್ರತಿಯು ಹೊರಡುವ ಭಾಗಗಳು ಬೇರೆ ಬೇರೆ. ಹೋಲಿಕೆಯ ಮೇರೆಯನ್ನೂ ಹೇಳಬೇಕು: ಭಂಡಾರಕ್ಕೆ ಹೊರಗೊಬ್ಬ ಕಾವಲಿನವನಿರುತ್ತಾನೆ, ಕೋಶದಲ್ಲಿ ಕಾವಲಿನ ಪ್ರೋಟೀನುಗಳೂ ಆ ಪಾಠದಿಂದಲೇ ಹುಟ್ಟಿದವು.

೧೯೬೧ರಲ್ಲಿ ಫ್ರಾನ್ಸಿನ ಜಾಕೊಬ್ ಮತ್ತು ಮೊನೊ ಎಂಬವರು ಬ್ಯಾಕ್ಟೀರಿಯವೊಂದರಲ್ಲಿ ತೋರಿಸಿದುದು ಇದನ್ನೇ. ಹಾಲಿನ ಸಕ್ಕರೆಯನ್ನು ಒಡೆಯುವ ವಂಶವಾಹಿಗಳ ಮೇಲೆ ಒಂದು ತಡೆಪ್ರೋಟೀನು ಕುಳಿತಿರುತ್ತದೆ. ಆ ಸಕ್ಕರೆ ಬಂದಾಗ ತಡೆಯು ಏಳುತ್ತದೆ, ಪ್ರತಿ ಹೊರಡುತ್ತದೆ. ಸಕ್ಕರೆಯು ವಂಶವಾಹಿಗೆ ಆಜ್ಞೆ ನೀಡಿತೆಂದು ಬರೆದರೆ ಈ ಶೋಧದ ಸಾರವೇ ತಪ್ಪಿಹೋಗುತ್ತದೆ. ಅದು ಹೊರಡಗೊಟ್ಟಿತು.

ವೃಕ್ಕದಲ್ಲಿ ಇದರ ಅತ್ಯಂತ ಮನೋಹರವಾದ ಉದಾಹರಣೆಯು ಎರಿತ್ರೊಪಾಯೆಟಿನ್ ಎಂಬ ಹಾರ್ಮೋನಿನದು. ವೃಕ್ಕವು ಹಾರ್ಮೋನುಗಳಿಗೆ ಕಿವಿಗೊಡುವುದು ಮಾತ್ರವಲ್ಲದೆ ತಾನೂ ಅವನ್ನು ಹೊರಡಿಸುತ್ತದೆ. ಈ ಹಾರ್ಮೋನು ಎಲುಬಿನ ಮಜ್ಜೆಯಲ್ಲಿ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ೧೯೭೭ರಲ್ಲಿ ಗೋಲ್ಡ್‌ವಾಸರನೂ ಮಿಯಾಕೆಯೂ ಜಪಾನಿನ ರಕ್ತಹೀನತೆಯ ರೋಗಿಗಳಿಂದ ಸಂಗ್ರಹಿಸಿದ ಸುಮಾರು ೨೫೫೦ ಲೀಟರು ಮೂತ್ರದಿಂದ ಇದನ್ನು ಶುದ್ಧರೂಪದಲ್ಲಿ ಪಡೆದರು. ಮೂತ್ರಪಿಂಡವೆಂದು ಹೆಸರಾದ ಅವಯವವು ರಕ್ತವನ್ನು ಹುಟ್ಟಿಸುವ ಹಾರ್ಮೋನಿನ ಮನೆಯೆಂಬುದಕ್ಕೆ ಸಾಕ್ಷಿಯು ಮೂತ್ರದಲ್ಲಿಯೇ ದೊರೆತಂತಾಯಿತು.

ರಕ್ತದಲ್ಲಿ ಆಮ್ಲಜನಕ ಕಡಮೆಯಾದುದು ವೃಕ್ಕದ ಕೋಶಕ್ಕೆ ಗೊತ್ತಾಗುವುದು ಹೇಗೆ? ಸೆಮೆನ್ಜಾ, ರಾಟ್‌ಕ್ಲಿಫ್, ಕೇಲಿನ್ ಎಂಬ ಮೂವರು ಇದನ್ನು ಬಿಡಿಸಿ ೨೦೧೯ರ ನೊಬೆಲ್ ಪಾರಿತೋಷಕವನ್ನು ಪಡೆದರು. ಹಿಫ್ ಎಂಬ ಪ್ರೋಟೀನು ಕೋಶದಲ್ಲಿ ಸದಾ ಹುಟ್ಟುತ್ತಿರುತ್ತದೆ. ಆಮ್ಲಜನಕವು ಸಾಕಷ್ಟಿದ್ದಾಗ, ಅದೇ ಆಮ್ಲಜನಕದಿಂದ ಹಿಫ್ಫಿನ ಮೇಲೆ ಒಂದು ಗುರುತು ಬೀಳುತ್ತದೆ. ಗುರುತು ಬಿದ್ದುದು ಕೂಡಲೆ ಒಡೆದುಹೋಗುತ್ತದೆ. ಆಮ್ಲಜನಕವು ಕಡಮೆಯಾದಾಗ ಗುರುತು ಬೀಳುವುದಿಲ್ಲ. ಹಿಫ್ ಉಳಿಯುತ್ತದೆ, ಕೋಶಕೇಂದ್ರಕ್ಕೆ ಹೋಗುತ್ತದೆ, ಎರಿತ್ರೊಪಾಯೆಟಿನ್ನಿನ ವಂಶವಾಹಿಯ ಪ್ರತಿಯನ್ನು ಹೊರಡಿಸುತ್ತದೆ. ಈ ಸರಣಿಯಲ್ಲಿ ಮೊದಲು ನಡೆದುದು ಒಂದು ಆಗದಿರುವಿಕೆ. ಆಜ್ಞೆಯನ್ನು ಕೊಟ್ಟವರು ಯಾರೂ ಇಲ್ಲ. ಅಳಿಸುವ ಕೆಲಸ ನಿಂತಿತು, ಅಷ್ಟೆ. ಕೊನೆಯ ಹೆಜ್ಜೆಯಲ್ಲಿ ಮಾತ್ರ ‘ಹೊರಡಿಸು’ ಎಂಬ ಪ್ರೇರಣಾರ್ಥಕಕ್ಕೆ ನಿಜವಾದ ಅಧಿಕಾರವುಂಟು. ಒಂದೇ ವಾಕ್ಯಸರಣಿಯಲ್ಲಿ ಗೊಡುವಿಗೂ ಇಸುವಿಗೂ ಅವುಗಳ ಸ್ಥಾನವನ್ನು ಕೊಡುವುದು ಕನ್ನಡಕ್ಕೆ ಕಷ್ಟವೇನಲ್ಲ.

ಈ ಭೇದವು ಔಷಧದವರೆಗೂ ಬಂದಿದೆ. ವೃಕ್ಕರೋಗಿಗಳ ರಕ್ತಹೀನತೆಗೆ ಎರಿತ್ರೊಪಾಯೆಟಿನ್ನನ್ನೇ ಸೂಜಿಯಿಂದ ಕೊಡುವುದು ಒಂದು ಕ್ರಮ. ೨೦೨೨ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಡೆಸಿಡುಸ್ಟಾಟ್ ಎಂಬ ಗುಳಿಗೆಯ ಕ್ರಮ ಬೇರೆ. ಅದು ಹಿಫ್ಫಿನ ಮೇಲೆ ಗುರುತು ಬೀಳಗೊಡುವುದಿಲ್ಲ. ಒಂದು ಇಲ್ಲದುದನ್ನು ತುಂಬುತ್ತದೆ, ಇನ್ನೊಂದು ಅಳಿಯುವುದನ್ನು ಉಳಿಸುತ್ತದೆ. ಎರಡಕ್ಕೂ ‘ರಕ್ತವನ್ನು ಹೆಚ್ಚಿಸುವ ಮದ್ದು’ ಎಂದು ಬರೆದು ಮುಗಿಸಿದ ಹಾಳೆಯು ರೋಗಿಗೆ ಏನನ್ನೂ ತಿಳಿಸಿದಂತಾಗಲಿಲ್ಲ.

೬

ಇಷ್ಟನ್ನು ಹೇಳಿದುದರಿಂದ ಕನ್ನಡದ ಶಾಸ್ತ್ರಗದ್ಯವೆಲ್ಲ ದುರ್ಬಲವೆಂದು ಭಾವಿಸಬಾರದು. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣಗಳ ಕಾಲದಿಂದ ವೈದ್ಯವನ್ನು ಹೇಳಿ ಬಂದ ಭಾಷೆಯಿದು. ಪುತ್ತೂರಿನಲ್ಲಿ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚವೂ, ೧೯೭೮ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದ ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನೂ ಕನ್ನಡಿಗರ ಕೈಯಲ್ಲಿವೆ. ಈ ಬರೆಹಗಾರರು ಯಶಸ್ವಿಗಳಾದುದು ಶಬ್ದಗಳನ್ನು ಟಂಕಿಸಿದುದರಿಂದ ಮಾತ್ರವಲ್ಲ, ಕಂಡುದನ್ನು ಕಂಡಂತೆ ನಡೆಯಿಸುವ ವಾಕ್ಯವನ್ನು ಕಟ್ಟಿದುದರಿಂದ.

‘ಗೊಡು’ವಿನ ಬಳಕೆಯು ಹೆಚ್ಚಾಗಿ ನಿಷೇಧದಲ್ಲಿಯೇ, ಶಾಸ್ತ್ರದ ಗಾಂಭೀರ್ಯಕ್ಕೆ ಅದು ಹೊಂದದು ಎಂಬ ಆಕ್ಷೇಪವು ಬರಬಹುದು. ನಿಷೇಧದಲ್ಲಿ ಅದು ಹೆಚ್ಚು ಸಹಜವೆಂಬುದು ನಿಜ. ಆದರೆ ಇಲ್ಲಿ ಹೇಳಬೇಕಾದುದರಲ್ಲಿ ಬಹುಭಾಗವು ನಿಷೇಧವೇ ಆಗಿದೆ. ಹಾಗೆಂದು ಎಲ್ಲೆಡೆಯೂ ಗೊಡುವನ್ನು ತುರುಕುವುದೂ ಸಲ್ಲದು. ಯಾವ ಹೆಜ್ಜೆಯಲ್ಲಿ ಮಾಡು, ಯಾವುದರಲ್ಲಿ ಮಾಡಿಸು, ಯಾವುದರಲ್ಲಿ ಮಾಡಗೊಡು ಎಂಬುದನ್ನು ನಿರ್ಣಯಿಸತಕ್ಕದ್ದು ಬರೆಹಗಾರನ ಕಿವಿಯಲ್ಲ, ಪ್ರಯೋಗ.

ಆದುದರಿಂದ ಕನ್ನಡವನ್ನು ಕಲಿಸುವವರಿಗೆ ಇಲ್ಲಿ ಒಂದು ಕೆಲಸವುಂಟು. ವಿಜ್ಞಾನದ ಪಾಠವು ತಮ್ಮದಲ್ಲವೆಂದು ಅವರು ಬಿಟ್ಟುಕೊಡಬೇಕಾಗಿಲ್ಲ. ಕ್ರಿಯಾಪ್ರಕರಣವನ್ನು ಹೇಳುವಾಗ ‘ಆಜ್ಞೆ ನೀಡುತ್ತದೆ’ ಎಂಬ ಒಂದು ವಾಕ್ಯವನ್ನು ವಿಜ್ಞಾನದ ಪುಸ್ತಕದಿಂದಲೇ ಎತ್ತಿಕೊಂಡು, ಇಲ್ಲಿ ಯಾರು ಯಾರಿಗೆ ಏನನ್ನು ಮಾಡಿದರು, ಮಾಡಿಸಿದರು, ಮಾಡಗೊಟ್ಟರು ಎಂದು ಕೇಳಿದರೆ ಸಾಕು. ಫಲ್ಗುಣಿಯ ದಡದ ಹುಡುಗನು ಹಲಗೆ ಇಳಿಸುವುದನ್ನು ಕಂಡವನು. ಆ ಪ್ರಶ್ನೆಗೆ ಉತ್ತರವನ್ನು ಅವನೇ ಹೇಳುವನು. ಮುಂದೆ ಅವನ ಮನೆಯಲ್ಲಿ ಯಾರಾದರೂ ಮೈ ಬಿಳುಪೇರಿ ಸೊರಗುತ್ತಿರುವಾಗ, ಮೂತ್ರವು ಸರಿಯಾಗಿಯೇ ಹೋಗುತ್ತಿದೆಯಲ್ಲ ಎಂದು ಸುಮ್ಮನಿರದೆ ವೃಕ್ಕದ ಪರೀಕ್ಷೆಗೆ ಕರೆದುಕೊಂಡು ಹೋಗುವನು.